ಮಂಡ್ಯದ ಮೇಷ್ಟ್ರು, ಧಾರವಾಡದ ಮಾಸ್ತರ: ಇಂಗ್ಲಿಷ್ ಪದ ಯಾರ ಬಾಯಲ್ಲಿ ಹೇಗೆ?

ರಂಗಪ್ರತಿ
ಒಂದು ಸಣ್ಣ ನಾಟಕ ಬರೀತಿದೀನಿ. ಕೆಟ್ಟು ನಿಂತ ಬಸ್ಸಲ್ಲಿ ಐದು ಜನ: ಮಂಡ್ಯ ಕಡೆಯ ಕಂಡಕ್ಟರ್, ಧಾರವಾಡದ ನಿವೃತ್ತ ಶಿಕ್ಷಕರು, ಮಂಗಳೂರಿನ ನರ್ಸ್, ಕಲಬುರಗಿಯ ಕಿರಾಣಿ ಅಂಗಡಿಯವರು, ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ. ಕನ್ನಡದ ಮಾತು ಬರೆಯೋಕೆ ತೊಂದರೆ ಇಲ್ಲ, ಸಿಕ್ಕಿಹಾಕಿಕೊಂಡಿರೋದು ಇಂಗ್ಲಿಷ್ ಪದಗಳಲ್ಲಿ. ಸ್ಕೂಲ್, ಬಸ್, ಟಿಕೆಟ್, ಹೋಟೆಲ್, ಡಾಕ್ಟರ್, ಆಫೀಸ್, ಫೋನ್. ಐದೂ ಜನ ಇವನ್ನ ಒಂದೇ ಥರ ಹೇಳಲ್ಲ ಅನ್ನೋದು ಗೊತ್ತು. ಆದ್ರೆ ಹಳ್ಳಿಯವರಿಗೆ "ಇಸ್ಕೂಲು", "ಹಾಪೀಸು", ಪೇಟೆಯವರಿಗೆ ನಿಘಂಟಿನ ಉಚ್ಚಾರ ಅನ್ನೋ ಸಿನಿಮಾ ಸೂತ್ರ ಬೇಡ. ಯಾವ ಕಡೆ ಏನು, ಯಾಕೆ ಹಾಗೆ ಅಂತ ಬಲ್ಲವರು ಹೇಳಿ.

ಮುದ್ದೆಸಾರು
ಮೊದ್ಲು ಆ "ಹಾಪೀಸು" ಹೊಡೆದುಹಾಕಿ ಸ್ವಾಮಿ. ನಮ್ ಕಡೆ ಹಳಬರ ಮಾತಲ್ಲಿ ಪದದ ಮೊದಲ ಹಕಾರ ಬಿದ್ದೋಗುತ್ತೆ. ಹಾಲು ಆಲು, ಹಳ್ಳಿ ಅಳ್ಳಿ. ಅದೇ ಲೆಕ್ಕದಲ್ಲಿ ಹೋಟೆಲ್ಲು "ಓಟ್ಲು", ಹಾಸ್ಟೆಲ್ಲು "ಆಸ್ಟ್ಲು", ಹಾರನ್ನು "ಆರನ್ನು". ಇಲ್ಲದ ಹಕಾರ ಸೇರಿಸೋದು ಬೇರೆ ಸಂಗತಿ. ಬಿದ್ದೋದ ಹಕಾರನ ವಾಪಸ್ ತರೋಕೆ ಹೋಗಿ, ಬೇಡದ ಕಡೆನೂ ಹಚ್ಚೋದು. ಎದುರಿಗೆ ಅಧಿಕಾರಿ ಇದ್ದು, ನಾಲಗೆ ಹುಷಾರಾಗಿದ್ದಾಗ ಬರೋ ತಪ್ಪು ಅದು. ಜೊತೆಗಾರರ ಹತ್ರ ಮಾತಾಡುವಾಗ ಬರೀ "ಆಪೀಸು". ನಿಮ್ ಕಂಡಕ್ಟರ್ ಪ್ರಯಾಣಿಕರ ಹತ್ರ "ಹಾಪೀಸು" ಅಂದ್ರೆ ಅದು ಮಂಡ್ಯ ಅಲ್ಲ, ಅಣಕ.

ಗಿರ್ಮಿಟ್
ನಿಮ್ಮ ಶಿಕ್ಷಕರು ಧಾರವಾಡದವರಂದ್ರ ಅವರು ಮೇಷ್ಟ್ರು ಅಲ್ಲರಿ, ಮಾಸ್ತರ. ಇದು ಮೊದಲನೇ ತಿದ್ದುಪಡಿ. ಎರಡನೇದು, ಅವರ ಬಾಯಾಗ ಸ್ಕೂಲೂ ಬರೂದಿಲ್ಲ, ಇಸ್ಕೂಲೂ ಬರೂದಿಲ್ಲ. "ಸಾಲಿ" ಅಂತಾರ.

ಟಿಕೆಟ್ಟಿಗೂ ಅಷ್ಟ. ವಯಸ್ಸಾದವರು "ತಿಕೀಟ" ಅಂತಾರ, ಕಿಸೆದಾಗ ರೊಕ್ಕ ಇಡೂದು "ಪಾಕೀಟ". ಎರಡೂ ಮರಾಠಿ ದಾರೀಲೆ ಬಂದಾವ. ಅಕ್ಷರ ಸರಿಯಾಗಿ ನೋಡ್ರಿ, ಮಾಸ್ತರದಾಗೂ ತಿಕೀಟದ ಮೊದಲನೇ ಅಕ್ಷರದಾಗೂ ತಕಾರ ಐತಿ, ಟಕಾರ ಅಲ್ಲ.

ಅರ್ಕಾವತ್ತು
ಗಿರ್ಮಿಟ್ ಅವರು ಹೇಳಿದ್ದರಲ್ಲೇ ಬೀಗದಕೈ ಇದೆ. ರಂಗಪ್ರತಿ, ಒಂದು ಕೆಲಸ ಮಾಡಿ: 1956ರ ನವೆಂಬರ್ 1ಕ್ಕಿಂತ ಮುಂಚಿನ ನಕ್ಷೆಯೊಂದನ್ನು ಮೇಜಿನ ಮೇಲೆ ಹರಡಿಕೊಳ್ಳಿ. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಮುಂಬೈ ಕಡೆ. ಕಲಬುರಗಿ, ಬೀದರ್, ರಾಯಚೂರು ಹೈದರಾಬಾದ್ ಕಡೆ. ಮಂಗಳೂರು ಮದ್ರಾಸಿಗೆ. ಮಂಡ್ಯ ಮೈಸೂರು ಸಂಸ್ಥಾನಕ್ಕೆ. ನಿಮ್ಮ ನಾಲ್ಕು ಪಾತ್ರಗಳು ನಾಲ್ಕು ಹಳೆಯ ಆಡಳಿತಗಳಿಂದ ಬಂದವರು.

ಇಂಗ್ಲಿಷ್ ಪದ ಲಂಡನ್ನಿನಿಂದ ನೇರ ಯಾರ ಮನೆಗೂ ಬರಲಿಲ್ಲ. ಕಚೇರಿ, ಕೋರ್ಟು, ರೈಲು, ಶಾಲೆ ಇವುಗಳ ಮೂಲಕ, ಅಲ್ಲಿನ ಗುಮಾಸ್ತರ ಬಾಯಿಂದ ಬಂತು. ಧಾರವಾಡದಲ್ಲಿ ಆ ಗುಮಾಸ್ತರಿಗೆ ಮರಾಠಿ ಬರುತ್ತಿತ್ತು, ಕಲಬುರಗಿಯಲ್ಲಿ ಉರ್ದು. ಪದದ ಮೇಲೆ ಆ ನಡುಮನೆಯ ಮುದ್ರೆ ಉಳಿದಿದೆ.

ಗೋಳಿಬಜೆ
ನರ್ಸಮ್ಮನ ಬಗ್ಗೆ ನಾನು ಹೇಳ್ತೇನೆ ಮಾರಾಯ್ರೆ. ತುಳುವಿನಲ್ಲಿ ಪದದ ಕೊನೆಗೆ ಒಂದು ಅರ್ಧ ಉಕಾರ ಉಂಟು. ತುಟಿ ಗುಂಡಗೆ ಮಾಡದೆ ಹೇಳುವ ಸ್ವರ ಅದು. ಹಾಗಾಗಿ ನಮ್ಮವರ ಬಾಯಲ್ಲಿ ಮೈಸೂರಿನವರ ಹಾಗೆ "ಬಸ್ಸು", "ಕಾರು" ಅಂತ ತುಂಬು ಉಕಾರ ಬರುವುದಿಲ್ಲ. ಹಾಗಂತ ಪೂರ್ತಿ ಇಂಗ್ಲಿಷಿನ ಹಾಗೆ ಕಡಿದ "ಬಸ್" ಕೂಡ ಅಲ್ಲ. ಕನ್ನಡ ಲಿಪಿಯಲ್ಲಿ ಅದಕ್ಕೆ ಅಕ್ಷರ ಇಲ್ಲ. "ಬಸ್ಸ್", "ಕಾರ್" ಅಂತ ಬರೆದು ನಟಿಗೆ ಬಿಟ್ಟುಬಿಡಿ.

ಮತ್ತೆ ಅವಳು ಮಾಸ್ತರನ್ನು "ಮಾಷ್ಟ್ರು" ಅಂತ ಕರೀಬೇಕು. ಮೇಷ್ಟ್ರೂ ಅಲ್ಲ, ಮಾಸ್ತರನೂ ಅಲ್ಲ. ಗಡಿ ದಾಟಿ ಕೇರಳಕ್ಕೆ ಹೋದರೆ ಅದೇ ಪದ "ಮಾಷ್" ಆಗಿ ಕೂತಿದೆ.

ತಟ್ಟೆಇಡ್ಲಿ
ಮೇಷ್ಟ್ರು, ಮಾಷ್ಟ್ರು ಎರಡರಲ್ಲೂ ಷ ಎಲ್ಲಿಂದ ಬಂತು? ಇಂಗ್ಲಿಷಲ್ಲಿ ಸ ತಾನೆ?

ಅರ್ಕಾವತ್ತು
ಟಕಾರ ಎಳೆದುಕೊಂಡು ಬಂದಿದ್ದು. ಟ ಹೇಳಲು ನಾಲಗೆ ಮೇಲಕ್ಕೆ ಮಡಚಬೇಕು. ಅದರ ಹಿಂದಿನ ಸ ಹೇಳುವಾಗಲೇ ನಾಲಗೆ ಆ ಕಡೆ ಹೊರಟಿರುತ್ತದೆ, ಸ ಹೋಗಿ ಷ ಆಗುತ್ತದೆ. ಲಿಷ್ಟು, ಪೋಷ್ಟು, ಫಷ್ಟು. ಸಂಸ್ಕೃತದಿಂದ ಬಂದ ಕಷ್ಟ, ಇಷ್ಟ ನೆನಪಿಸಿಕೊಳ್ಳಿ. ಮಾಸ್ತರದಲ್ಲಿ ತ ಇರುವುದರಿಂದ ಸ ಹಾಗೇ ಉಳಿಯಿತು. ಮೇಷ್ಟ್ರು, ಮಾಸ್ತರ ಇವುಗಳ ನಡುವೆ ವ್ಯತ್ಯಾಸ ಒಂದಲ್ಲ, ಸರಪಳಿ: ಟ ಆದರೆ ಷ, ತ ಆದರೆ ಸ.

ಇನ್ನೊಂದು. ಟ ಮತ್ತು ತ ನೋಡಿ ಪದದ ವಯಸ್ಸು, ದಾರಿ ಅಂದಾಜು ಮಾಡಬಹುದು. ಆಸ್ಪತ್ರೆ, ಕಪ್ತಾನ ಇವು ಹಳಬರು, ತಕಾರದವರು. ಹಾಸ್ಪಿಟಲ್, ಕ್ಯಾಪ್ಟನ್ ಆಮೇಲೆ ಬಂದವರು, ಟಕಾರದವರು. ಹಿಂದಿಯ ತಿಂಗಳ ಹೆಸರುಗಳೂ ಹಾಗೇ, ಅಗಸ್ತ್, ಸಿತಂಬರ್, ಅಕ್ತೂಬರ್.

ತೊಗರಿಕಣಜ
ಮೇಸ್ತ್ರಿ ಮರೆತ್ರಲ್ರೀ. ಗಾರೆ ಕೆಲಸದ ಮೇಸ್ತ್ರಿ. ಅದ್ಯಾ ದಾರಿ?

ಅರ್ಕಾವತ್ತು
ಪೋರ್ಚುಗೀಸರ "ಮೆಸ್ತ್ರೆ"ಯಿಂದ ಬಂದದ್ದು. ಇಂಗ್ಲಿಷಿನ ಮಾಸ್ಟರಿಗೆ ದಾಯಾದಿ, ಮಗನಲ್ಲ.

ಡಬಲ್‌ಬೆಂಚ್
ಇಷ್ಟೊಂದು ಚರ್ಚೆ ಯಾಕೋ ತಿಳಿಯಲಿಲ್ಲ. ಇವೆಲ್ಲ ತಪ್ಪು ಉಚ್ಚಾರಗಳು. ಸರಿಯಾದ ಇಂಗ್ಲಿಷ್ ಉಚ್ಚಾರ ಅಂತ ಒಂದಿದೆ. ನಾಟಕ ನೋಡಲು ಮಕ್ಕಳೂ ಬರುತ್ತಾರೆ, ಅವರು ಇದನ್ನೇ ಕಲಿಯಬೇಕೆ?

ಲೀಡ್ಸ್_ಜಡಿಮಳೆ
ಆ "ಒಂದು" ಎಲ್ಲಿದೆ ಅಂತ ಹೇಳಿದ್ರೆ ಇಲ್ಲಿನವರಿಗೂ ಉಪಕಾರ ಆಗುತ್ತೆ. ಲಂಡನ್ ಕಡೆ "ಬಸ್", "ಕಪ್" ಅಂದ್ರೆ ಯಾರ್ಕ್‌ಶೈರಲ್ಲಿ "ಬುಸ್", "ಕುಪ್" ಹತ್ತಿರದ ಸ್ವರ. ದಕ್ಷಿಣದವರ "ಬಾತ್", "ಗ್ಲಾಸ್" ಇಲ್ಲಿ ಗಿಡ್ಡ ಆಗುತ್ತೆ, ಆ ದೀರ್ಘ ಇಲ್ಲವೇ ಇಲ್ಲ. ಸ್ಕೋನ್ ಅನ್ನೋ ತಿಂಡಿಗೆ ಸ್ಕಾಟ್‌ಲೆಂಡಲ್ಲಿ "ಸ್ಕಾನ್", ಮಿಡ್‌ಲ್ಯಾಂಡ್ಸಲ್ಲಿ ಹೆಚ್ಚಾಗಿ "ಸ್ಕೋನ್". ಅದೇ ಕಾಗುಣಿತದ ಊರೊಂದು ಸ್ಕಾಟ್‌ಲೆಂಡಲ್ಲಿದೆ, ಅಲ್ಲಿನ ರಾಜರ ಪಟ್ಟಾಭಿಷೇಕದ ಕಲ್ಲಿಗೆ ಹೆಸರಾದ ಊರು. ಅದನ್ನ "ಸ್ಕೂನ್" ಅಂತಾರೆ! ಐರ್ಲೆಂಡಿನವರು ಫಿಲ್ಮನ್ನ "ಫಿಲಮ್" ಅಂತಾರೆ, ನಮ್ಮ ಟೆಂಟ್ ಸಿನಿಮಾದವರ ಥರಾನೇ.

ಹಕಾರ ನುಂಗೋದರಲ್ಲೂ ಮಂಡ್ಯ ಒಂಟಿಯಲ್ಲ. ಯಾರ್ಕ್‌ಶೈರ್ ಮಾತಲ್ಲಿ, ಲಂಡನ್ನಿನ ಕಾಕ್ನಿ ಮಾತಲ್ಲಿ ಹೌಸ್ "ಔಸ್" ಆಗೋದು ಮಾಮೂಲು.

ಡಬಲ್‌ಬೆಂಚ್
ಅದು ಅವರ ಭಾಷೆ, ಅವರು ಹೇಗಾದರೂ ಹೇಳಿಕೊಳ್ಳಲಿ.

ಮುದ್ದೆಸಾರು
ಬಸ್ಸು ನಮ್ದು ಅಲ್ವಾ? ನಾವೂ ಹೇಗಾದ್ರೂ ಹೇಳ್ಕೋತೀವಿ ಬಿಡಿ.

ತೊಗರಿಕಣಜ
ಅರ್ಕಾವತ್ತು ಅವರ ನಕ್ಷಾ ಛಲೋ ಅದ, ಆದ್ರ ಎಲ್ಲಾದಕ್ಕೂ ಹತ್ತಂಗಿಲ್ಲ. ನಮ್ ಭಾಗದಾಗ ದಖನಿ ಉರ್ದು ಮಾತಾಡೋರು "ಇಸ್ಕೂಲ್", "ಇಸ್ಟೇಶನ್" ಅಂತಾರ. ಮಂಡ್ಯದಾಗೂ ಇಸ್ಕೂಲು ಅಂತಾರ. ಅಲ್ಲಿ ನಿಜಾಮರು ಇದ್ದಿಲ್ಲಲ್ಲ?

ಅರ್ಕಾವತ್ತು
ಸರಿಯಾದ ಏಟು. ಇಸ್ಕೂಲು ನಕ್ಷೆಯ ವಿಷಯ ಅಲ್ಲ, ಬಾಯಿಯ ವಿಷಯ. ಪದದ ಆರಂಭದಲ್ಲಿ ಸ್ಕ, ಸ್ಟ, ಸ್ಪ ಬಂದರೆ ನಾಲಗೆಗೆ ಹಿಡಿಯಲು ಒಂದು ಸ್ವರ ಬೇಕಾಗುತ್ತದೆ. ಅದನ್ನು ಎಲ್ಲಿಡಬೇಕು ಅನ್ನುವುದರಲ್ಲಿ ಊರೂರಿಗೆ ವ್ಯತ್ಯಾಸ. ಉತ್ತರ ಪ್ರದೇಶ, ಬಿಹಾರದವರು ಮುಂದೆ ಇಡುತ್ತಾರೆ, "ಇಸ್ಕೂಲ್". ಪಂಜಾಬಿನವರು ನಡುವೆ ತುರುಕುತ್ತಾರೆ, "ಸಕೂಲ್", "ಸಟೇಶನ್". ಹಳೆ ಮೈಸೂರಿನಲ್ಲಿ ಮೂರನೇ ಉಪಾಯವೂ ಇದೆ, ಸಕಾರವನ್ನೇ ಕಿತ್ತೆಸೆಯುವುದು: ಸ್ಟೇಷನ್ನು "ಟೇಷನ್ನು", ಸ್ಪೆಷಲ್ಲು "ಪೆಷಲ್ಲು".

ಇದರೊಳಗೇ ಒಂದು ಸೂಕ್ಷ್ಮ ಇದೆ, ಬರೆಯುವವರು ಎಡವುವುದು ಇಲ್ಲೇ. ಮುಂದೆ ಇ ಬರುವುದು ಸ್ಕ, ಸ್ಟ, ಸ್ಪ ಇದ್ದಾಗ. ಎರಡನೆಯ ವ್ಯಂಜನ ಲ ಆಗಿದ್ದರೆ ಇ ನಡುವೆ ಬರುತ್ತದೆ: ಸಿಲೇಟು, ಪಿಲೇಟು, ಬಿಲೇಡು, ಗಿಲಾಸು. "ಇಸ್ಲೇಟು", "ಇಪ್ಲೇಟು" ಅಂತ ಬರೆದರೆ ಕೇಳುಗರಿಗೆ ತಕ್ಷಣ ಕೃತಕ ಅನ್ನಿಸುತ್ತದೆ.

ತಟ್ಟೆಇಡ್ಲಿ
ಸಿನಿಮಾದಲ್ಲಿ "ಇಪ್ಲೇಟು" ಕೇಳಿದ ಹಾಗಿದೆ. ಯಾಕೆ ನಗು ಬರಲಿಲ್ಲ ಅಂತ ಈಗ ಗೊತ್ತಾಯ್ತು.

ರಂಗಪ್ರತಿ
ಬಂಗಾರದಂಥ ಮಾತು, ಧನ್ಯವಾದ. ಕೊನೆಯ ಉಕಾರದ ಬಗ್ಗೆ ಯಾರಾದರೂ ಬಿಡಿಸಿ ಹೇಳ್ತೀರಾ? ಬಸ್ಸು ಅಂತ ಒತ್ತು, ಕಾರು ಅಂದ್ರೆ ಒತ್ತಿಲ್ಲ. ಹೇಗೆ ತೀರ್ಮಾನ ಮಾಡೋದು?

ಅರ್ಕಾವತ್ತು
ಒಂದೇ ಸ್ವರ ಇರುವ ಪದದಲ್ಲಿ ಆ ಸ್ವರ ಹ್ರಸ್ವ ಇದ್ದರೆ ವ್ಯಂಜನ ದ್ವಿತ್ವ: ಬಸ್ಸು, ಕಪ್ಪು, ಪೆನ್ನು, ಮಗ್ಗು, ಪಿನ್ನು. ದೀರ್ಘ ಇದ್ದರೆ ಇಲ್ಲ: ಕಾರು, ರೋಡು, ಲೈಟು, ಗೇಟು. ಕೊನೆಯಲ್ಲಿ ಆಗಲೇ ಎರಡು ವ್ಯಂಜನ ಕೂಡಿದ್ದರೂ ಇಲ್ಲ: ಬೆಂಚು, ಲಿಸ್ಟು.

ಹಾಗಾದರೆ ಬ್ಯಾಟ್, ಲಾಕ್? ಇಂಗ್ಲಿಷಿನಲ್ಲಿ ಎರಡೂ ಹ್ರಸ್ವ. ಆದರೆ ಕನ್ನಡದ ಕಿವಿ ಅವನ್ನು ಉದ್ದ ಮಾಡಿಕೊಂಡಿದೆ, ಬ್ಯಾ ಮತ್ತು ಲಾ ಎರಡೂ ದೀರ್ಘ. ಅದಕ್ಕೇ ಬ್ಯಾಟು, ಬ್ಯಾಗು, ಲಾಕು, ಶಾಪು, ಒಂದಕ್ಕೂ ದ್ವಿತ್ವ ಇಲ್ಲ. ಬಾಜಿ ಕಟ್ಟುವ ಬೆಟ್ ಮಾತ್ರ "ಬೆಟ್ಟು". ಇಂಗ್ಲಿಷಿನವರು ಬ್ಯಾಟ್‌ಗೂ ಬೆಟ್‌ಗೂ ಸ್ವರದಲ್ಲಿ ಮಾತ್ರ ಮಾಡುವ ವ್ಯತ್ಯಾಸವನ್ನು ನಾವು ಸ್ವರ, ಉದ್ದ, ಒತ್ತು ಮೂರರಲ್ಲೂ ಮಾಡುತ್ತೇವೆ.

ಮುದ್ದೆಸಾರು
"ಅರ್" ಅಂತ ಮುಗಿಯೋ ಪದಗಳು ಬಿಟ್ರಿ. ಲೀಟರ್ "ಲೀಟ್ರು", ಮೀಟರ್ "ಮೀಟ್ರು", ಡಾಕ್ಟರ್ "ಡಾಕ್ಟ್ರು", ಕಂಡಕ್ಟರ್ "ಕಂಡಕ್ಟ್ರು". ನಡುವಿನ ಅಕಾರ ಹಾರಿಹೋಗುತ್ತೆ. ಇದರಲ್ಲಿ ಮಜಾ ಏನಂದ್ರೆ ಮನುಷ್ಯರ ಹೆಸರಾದಾಗ ಆ ರು ಗೌರವದ ರು ಆಗಿ ಕೂತ್ಕೊಳ್ಳುತ್ತೆ. "ಡಾಕ್ಟ್ರು ಬಂದ್ರು". ಲೀಟ್ರಿಗೆ ಯಾರೂ ಮರ್ಯಾದೆ ಕೊಡಲ್ಲ, "ಎರಡ್ ಲೀಟ್ರು ಆಯ್ತು".

ಗಿರ್ಮಿಟ್
ನಮ್ಮಲ್ಲಿ ಆ ಅಕಾರ ಹಾರೂದಿಲ್ಲ. ಡಾಕ್ಟರ, ಡ್ರೈವರ, ಕಂಡಕ್ಟರ, ಮಾಸ್ತರ. ಹಾರೂದು ಕೊನೀ ಉಕಾರ. ಮರ್ಯಾದಿ ಬೇಕಂದ್ರ ಮಾತಿಗೆ ರೀ ಹಚ್ಚತೀವಿ, "ಏನ್ರಿ ಡಾಕ್ಟರ". ನಿಮ್ಮ ಮಾಸ್ತರು ಕಂಡಕ್ಟರಗ "ಅಲ್ರೀ ಕಂಡಕ್ಟರ, ಬಸ್ ಯಾವಾಗ ಬಿಡ್ತದ್ರಿ" ಅನಬೇಕು. "ಕಂಡಕ್ಟ್ರೇ" ಅಂದ್ರ ಕಾವೇರಿ ನೀರು ಕುಡದಾವ್ರು ಅಂತಾರ ಮಂದಿ.

ಗೋಳಿಬಜೆ
ನೀರಿನ ವಿಷಯಕ್ಕೆ ಹೋಗ್ಬೇಡಿ, ಈ ಎಳೆ ಬೇರೆ ಕಡೆ ಹರಿಯುತ್ತದೆ.

ಗಿರ್ಮಿಟ್
ಆತ್ರಿ, ನೀರು ಬಂದ್. ಆದ್ರ ಇನ್ನೊಂದು ಹೇಳ್ತೀನಿ. ನಮ್ಮವರು "ಬ್ಯಾಂಕ", "ಗ್ಯಾಸ" ಅನ್ನೂದು ಭಾಳ ಸರಾಗ. ಯಾಕಂದ್ರ ಆ ಸ್ವರ ನಮ್ಮ ಕನ್ನಡದಾಗ ಮೊದ್ಲಿಂದನೂ ಐತಿ. ಬೇಡ "ಬ್ಯಾಡ", ಮೇಲೆ "ಮ್ಯಾಲೆ", ಪೇಟೆ "ಪ್ಯಾಟಿ".

ತಟ್ಟೆಇಡ್ಲಿ
ಹಾಗಾದ್ರೆ ಗೇಟು ಯಾಕೆ "ಗ್ಯಾಟು" ಆಗಲ್ಲ?

ಅರ್ಕಾವತ್ತು
ಒಳ್ಳೆಯ ಪ್ರಶ್ನೆ. ಏಕಾರ ಇಳಿದು ್ಯಾ ಆಗುವುದು ಮುಂದಿನ ಅಕ್ಷರದಲ್ಲಿ ಅ, ಆ, ಎ ಥರದ ಸ್ವರ ಇದ್ದಾಗ. ಮುಂದೆ ಇ ಅಥವಾ ಉ ಇದ್ದರೆ ಇಳಿಯುವುದಿಲ್ಲ. ಬೇಡ, ಬೇರೆ ಇಳಿಯುತ್ತವೆ. ಬೇಕು, ಬೇಲಿ ಗಟ್ಟಿಯಾಗಿ ನಿಲ್ಲುತ್ತವೆ. ಗೇಟು, ರೇಟು, ಕೇಸು ಇವಕ್ಕೆ ನಾವೇ ಹಚ್ಚಿದ ಉಕಾರ ಕಾವಲು ನಿಂತಿದೆ. ಓಕಾರಕ್ಕೂ ಇದೇ ಕಾನೂನು: ತೋಟ "ತ್ವಾಟ", ಕೋಣ "ಕ್ವಾಣ", ಆದರೆ ಕೋಳಿ ಕೋಳಿಯೇ. ಹಾಗಾಗಿ ಕೋಟು, ರೋಡು ಕ್ಷೇಮ. ಹಳ್ಳಿ ಮಾತು ಅಂತ ತೋರಿಸಲು "ರ‍್ವಾಡು" ಅಂತ ಬರೆದರೆ ಹಳ್ಳಿಯವರೇ ತಿದ್ದುತ್ತಾರೆ.

ಇದು ಉತ್ತರದ ಸ್ವತ್ತೂ ಅಲ್ಲ. ಹಳೆ ಮೈಸೂರಿನ ಹಳ್ಳಿಗಳಲ್ಲೂ ಬ್ಯಾಡ, ತ್ವಾಟ ಇವೆ.

ಗಡಿನಾಡಿಗ
ಕಾಸರಗೋಡಿನಿಂದ ಒಂದು ಹೋಲಿಕೆ. ಇದೇ ಬ್ಯಾಂಕಿಗೆ ಮಲಯಾಳದಲ್ಲಿ "ಬಾಙ್ಕ್", ಬ್ಯಾಗಿಗೆ "ಬಾಗ್". ತಮಿಳಿನಲ್ಲಿ "ಪೇಂಕ್" ಅಂತ ಬರೆಯುತ್ತಾರೆ. ಕಾಲೇಜಿಗೆ ಮಲಯಾಳ "ಕೋಳೇಜ್", ಡಾಕ್ಟರಿಗೆ "ಡೋಕ್ಟರ್", ಆಫೀಸಿಗೆ "ಓಫೀಸ್". ಇಂಗ್ಲಿಷಿನ ಆ ಸ್ವರ ಆ ಮತ್ತು ಓ ಇವುಗಳ ನಡುವೆ ತೂಗಾಡುತ್ತದೆ. ಕನ್ನಡ, ತೆಲುಗು, ತಮಿಳು ಆ ಕಡೆ ವಾಲಿದವು, ಮಲಯಾಳ ಓ ಕಡೆ. ಮರಾಠಿಯವರು ಮೇಲೆ ಅರ್ಧಚಂದ್ರ ಇಟ್ಟು ಅದಕ್ಕೇ ಬೇರೆ ಅಕ್ಷರ ಮಾಡಿಕೊಂಡಿದ್ದಾರೆ.

ನಾಟಕದಲ್ಲಿ ಕೇರಳದ ಪಾ‍ತ್ರ ಬೇಕಿದ್ದರೆ ಸಿಂಪ್ಲಿಗೆ "ಸಿಂಬ್ಳಿ" ಅನ್ನಿಸಿ ನಗಿಸಲು ಹೋಗಬೇಡಿ, ಹಳಸಲು. ಒಂದು "ಕೋಳೇಜ್" ಸಾಕು, ಊರು ಗೊತ್ತಾಗುತ್ತದೆ.

ಗಿರ್ಮಿಟ್
ಮರಾಠಿ ಅಕ್ಷರದ ಮಾತು ಬಂತು ಅಂತ ನೆನಪಾತು. ನಮ್ಮ ಕಡೆ ಬೋರ್ಡಿನ ಮ್ಯಾಲೆ "ವ್ಹಿ" ಅಂತ ಬರದಿರ್ತಾರ. "ಎಸ್. ವ್ಹಿ.", "ಸರ್ವ್ಹಿಸ್". ಮರಾಠಿಯೊಳಗ ವಿಡಿಯೋ, ವಿಟಮಿನ್ ಇವನ್ನ ವ್ಹ ಹಾಕಿ ಬರೀತಾರ. ಹಲ್ಲು ತುಟಿ ಕೂಡಿಸಿ ಹೇಳೂ ಇಂಗ್ಲಿಷ್ ವಕಾರಕ್ಕ ಆ ಹ ಗುರ್ತು. ಮೈಸೂರಿನವರು ಅದನ್ನ ತಪ್ಪು ಅಕ್ಷರ ಅಂತ ನಗತಾರ. ತಪ್ಪಲ್ಲರಿ, ಬ್ಯಾರೆ ಮನೀ ಪದ್ಧತಿ.

ಲೀಡ್ಸ್_ಜಡಿಮಳೆ
ಬಂಗಾಳಿಗಳು ಅದೇ ವಕಾರಕ್ಕೆ "ಭ" ಹಾಕ್ತಾರೆ. ವೋಟು ಅಲ್ಲಿ "ಭೋಟ್".

ಮುದ್ದೆಸಾರು
ನಮ್ಮಲ್ಲಿ "ಓಟು". ಅಂದ್ರೆ ಓಟು ಹಾಕಿ ಓಟ್ಲಿಗೆ ಹೋದ್ರು ಅಂದ್ರೆ ಒಂದು ಕಡೆ ವ ಬಿದ್ದಿದೆ, ಇನ್ನೊಂದು ಕಡೆ ಹ ಬಿದ್ದಿದೆ.

ಅರ್ಕಾವತ್ತು
ಆ ವಕಾರ ಬೀಳುವುದಕ್ಕೂ ಕಾರಣ ಇದೆ. ನಮ್ಮಲ್ಲಿ ಪದದ ಆರಂಭದ ಒ, ಓ ಇವಕ್ಕೆ ತಾನಾಗಿ ವಕಾರದ ನೆರಳು ಬರುತ್ತದೆ, ಎ, ಏ ಇವಕ್ಕೆ ಯಕಾರದ ನೆರಳು. ಒಂದು "ವೊಂದು", ಎಲ್ಲಿ "ಯೆಲ್ಲಿ". ಹಾಗಾಗಿ ಎಂ "ಯೆಂ", ಎಂಎಲ್‌ಎ "ಯೆಮ್ಮೆಲ್ಲೆ", ಓನರ್ "ವೋನರ್", ಓನ್ಲಿ "ವೋನ್ಲಿ". ನೆರಳು ಎಲ್ಲ ಕಡೆ ಇದ್ದಾಗ ನಿಜವಾದ ವ, ಯ ಇದ್ದರೂ ಕಿವಿಗೆ ಗೊತ್ತಾಗುವುದಿಲ್ಲ. ವೋಟು ಓಟಾಯಿತು, ವೋಲ್ಟೇಜು "ಓಲ್ಟೇಜು", ವುಲನ್ "ಉಲ್ಲನ್".

ಇದನ್ನು ಪಾತ್ರಕ್ಕೆ ಬರೆಯಲು ಹೋಗಬೇಡಿ. ದಕ್ಷಿಣ ಭಾರತದಲ್ಲಿ ಬಹುಪಾಲು ಎಲ್ಲರೂ ಹೀಗೇ ಹೇಳುವುದು. ಒಬ್ಬನ ಬಾಯಲ್ಲಿ ಮಾತ್ರ "ಯೆಮ್ಮೆಲ್ಲೆ" ಅಂತ ಮುದ್ರಿಸಿದರೆ ಉಳಿದವರು ಹಾಗನ್ನುವುದಿಲ್ಲ ಎಂಬ ಸುಳ್ಳು ಹುಟ್ಟುತ್ತದೆ.

ಡಬಲ್‌ಬೆಂಚ್
ಹೆಚ್ ಸರಿಯೋ ಎಚ್ ಸರಿಯೋ, ಅದನ್ನಾದರೂ ಇತ್ಯರ್ಥ ಮಾಡಿ. ಒಂದು ಪತ್ರಿಕೆ "ಎಚ್‌ಎಂಟಿ", ಇನ್ನೊಂದು "ಹೆಚ್‌ಎಂಟಿ".

ಲೀಡ್ಸ್_ಜಡಿಮಳೆ
ನಿಘಂಟು ಪ್ರಕಾರ ಏಚ್. ಆದ್ರೆ ಐರ್ಲೆಂಡಲ್ಲಿ ಹೇಚ್ ಅನ್ನೋದೇ ರೂಢಿ. ಉತ್ತರ ಐರ್ಲೆಂಡಲ್ಲಂತೂ ಹೇಚ್ ಅಂದ್ರೆ ಕ್ಯಾಥೊಲಿಕ್, ಏಚ್ ಅಂದ್ರೆ ಪ್ರೊಟೆಸ್ಟಂಟ್ ಅಂತ ಗುರುತಿಸುವಷ್ಟು ಆ ಅಕ್ಷರಕ್ಕೆ ಭಾರ ಇದೆ. ಬ್ರಿಟನ್ನಿನ ಚಿಕ್ಕ ವಯಸ್ಸಿನವರಲ್ಲೂ ಹೇಚ್ ಹೆಚ್ಚಾಗ್ತಿದೆ.

ಗೋಳಿಬಜೆ
ನಮ್ಮಲ್ಲಿ ಅದು ಕಾನ್ವೆಂಟ್ ಶಾಲೆಯ ಐರಿಷ್ ಸಿಸ್ಟರುಗಳು ಕಲಿಸಿದ್ದು ಅಂತ ಹೇಳುವುದುಂಟು.

ಅರ್ಕಾವತ್ತು
ಹೇಳುವುದುಂಟು, ಆದರೆ ಅಷ್ಟು ದೂರ ಹೋಗಬೇಕಾಗಿಲ್ಲ. ಬಿ, ಡಿ, ಕೆ, ಎಲ್, ಎಂ ಎಲ್ಲದರ ಹೆಸರಲ್ಲೂ ಆಯಾ ಅಕ್ಷರದ ಧ್ವನಿ ಇದೆ. ಎಚ್ ಹೆಸರಲ್ಲಿ ಹ ಇಲ್ಲ. ಕಲಿಯುವ ಮಗು ತಾನೇ ಸೇರಿಸಿಕೊಳ್ಳುತ್ತದೆ. ನಾಟಕದಲ್ಲಿ ಎರಡೂ ನಡೆಯುತ್ತದೆ, ಒಂದೇ ಪಾತ್ರದ ಬಾಯಲ್ಲಿ ಎರಡೂ ಬೇಡ ಅಷ್ಟೇ.

ಗಡಿನಾಡಿಗ
ತಮಿಳಿನಲ್ಲಿ ಕೊನೆಯ ಅಕ್ಷರ ಝಡ್ ಅನ್ನು "ಇಸಟ್" ಅಂತ ಬರೆಯುತ್ತಾರೆ. ಮುಂದೊಂದು ಇ. ನಿಮ್ಮ ಇಸ್ಕೂಲಿನ ಇ ಅಲ್ಲಿಯೂ ಬಂತು.

ತಟ್ಟೆಇಡ್ಲಿ
ಸಾಫ್ಟ್‌ವೇರ್ ಹುಡುಗನ್ನ ಎಲ್ಲರೂ ಮರೆತರು. ಅವನು ಶೆಡ್ಯೂಲ್ ಅಂತಾನಾ ಸ್ಕೆಡ್ಯೂಲ್ ಅಂತಾನಾ?

ಲೀಡ್ಸ್_ಜಡಿಮಳೆ
ಅಮೆರಿಕದ ಕ್ಲೈಂಟ್ ಇದ್ರೆ "ಸ್ಕೆಜೂಲ್". ಬ್ರಿಟನ್ನಿನ ಹಳೇ ರೂಢಿ "ಶೆಡ್ಯೂಲ್", ಅದಕ್ಕೂ ಹಿಂದೆ ಅಲ್ಲೇ "ಸೆಡ್ಯೂಲ್" ಅಂತಿದ್ರು. ರೌಟರ್ ಕೂಡ ಗಮನಿಸಿ: ಬ್ರಿಟನ್ನಲ್ಲಿ ಇಂಟರ್ನೆಟ್ ಪೆಟ್ಟಿಗೆ "ರೂಟರ್", ಬಡಗಿಯ ಯಂತ್ರ "ರೌಟರ್". ಅಮೆರಿಕದಲ್ಲಿ ಎರಡೂ ರೌಟರ್. ಅಲ್ಯೂಮಿನಿಯಂ ಹಟ ಇನ್ನೂ ಹಳೇದು. ಹಂಫ್ರಿ ಡೇವಿ 1808ರಲ್ಲಿ ಇಟ್ಟ ಹೆಸರು "ಅಲ್ಯೂಮಿಯಂ", 1812ರಲ್ಲಿ ಅವನೇ "ಅಲ್ಯೂಮಿನಮ್" ಮಾಡಿದ. ಅಮೆರಿಕ ಅದನ್ನ ಹಿಡ್ಕೊಳ್ತು. ಸೋಡಿಯಂ, ಪೊಟ್ಯಾಸಿಯಂಗೆ ಪ್ರಾಸ ಸಿಗ್ಲಿ ಅಂತ ಬ್ರಿಟನ್ನಲ್ಲಿ ಅಲ್ಯೂಮಿನಿಯಂ ನಿಂತಿತು.

ಮುದ್ದೆಸಾರು
ಷೆಡ್ಯೂಲ್ ಕಂಡಕ್ಟ್ರಿಗೂ ಬೇಕು! ಸಾರಿಗೆ ಸಂಸ್ಥೆಯಲ್ಲಿ ಒಂದು ಬಸ್ಸು ದಿನಕ್ಕೆ ಓಡಬೇಕಾದ ಓಟಕ್ಕೇ "ಷೆಡ್ಯೂಲು" ಅನ್ನೋದು. "ನಂದು ಇವತ್ತು ನೈಟ್ ಷೆಡ್ಯೂಲು". ಹುಡುಗ "ಸ್ಕೆಜೂಲ್" ಅಂದು ಕಂಡಕ್ಟ್ರು "ಷೆಡ್ಯೂಲು" ಅಂದ್ರೆ ಇಬ್ಬರೂ ಒಂದೇ ಪದ ಆಡ್ತಿದಾರೆ ಅಂತ ಇಬ್ಬರಿಗೂ ಗೊತ್ತಾಗಲ್ಲ. ಒಂದು ದೃಶ್ಯ ಬರುತ್ತೆ ನೋಡಿ ಅಲ್ಲಿ.

ಇನ್ನೊಂದು ಪದ ಬಿಟ್ಟಿರಿ, "ಓಲ್ಡಾನ್". ನಿಲ್ಲಿಸೋಕೆ ಓಲ್ಡಾನ್, ಹೊರಡೋಕೆ ರೈಟ್. ಹೋಲ್ಡ್ ಆನ್ ಅಂತ ಬಿಡಿಸಿ ಬರೀಬೇಡಿ, ಸತ್ತೋಗುತ್ತೆ.

ಗೋಳಿಬಜೆ
ನಮ್ಮ ಖಾಸಗಿ ಬಸ್ಸಿನಲ್ಲಿ "ರೈಟ್, ಪೋಯಿ". ಪೋಯಿ ತುಳು, ಹೋಗುವಾ ಅಂತ.

ರಂಗಪ್ರತಿ
ಇದು ಸಿಕ್ಕಿದ್ದಕ್ಕೇ ಈ ಎಳೆ ಸಾರ್ಥಕ. ಫ ಮತ್ತು ಪ ಬಗ್ಗೆಯೂ ಹೇಳಿಬಿಡಿ. ಫೋನ್ ಯಾರು, ಪೋನ್ ಯಾರು?

ತೊಗರಿಕಣಜ
ನಮ್ ಕಿರಾಣಿ ಸಾಹುಕಾರ "ಫೋನ್" ಅಂತಾನ, ಛಂದಾಗಿ, ತುಟಿ ಹಲ್ಲಿಗಿ ಹಚ್ಚಿ. ಉರ್ದು ಕಿವಿಗೆ ಬಿದ್ದ ಊರು. ಫಿಕರ್, ಸಾಫ್, ಮಾಫ್ ಅಂತ ದಿನಾ ಅಂತಾರ. ಝಡ್ ಧ್ವನಿನೂ ಹಂಗೆ, ಜೋರ್, ಜಮೀನ್ ಅನ್ನೋದರಾಗೇ ಅದ. ಹಳ್ಳಿಯಂವ ಅಂತ ಅವನ ಬಾಯಾಗ "ಪೋನು", "ಜೀರೊ" ಹಾಕಿದ್ರ ತಪ್ಪಾತದ. ಮತ್ತ ಅಂವ ಹಾಸ್ಪಿಟಲ್ ಅನ್ನಂಗಿಲ್ಲ, "ದವಾಖಾನಿ" ಅಂತಾನ. ಎಲ್ಲಾ ಪದಾ ಇಂಗ್ಲಿಷಿಂದೇ ಆಗಬೇಕಂತಿಲ್ಲ.

ಮುದ್ದೆಸಾರು
ಮಂಡ್ಯದಲ್ಲಿ ಪೋನು, ಪ್ಯಾನು, ಆಪೀಸು. ಕಾಫಿನೂ "ಕಾಪಿ". ಪರೀಕ್ಷೇಲಿ ಹೊಡೆಯೋದೂ ಕಾಪಿ. ಯಾವ ಕಾಪಿ ಅಂತ ಕ್ರಿಯಾಪದ ಹೇಳುತ್ತೆ.

ಅರ್ಕಾವತ್ತು
ಬೆಂಗಳೂರಿನ ಹುಡುಗನಲ್ಲಿ ಇದರ ತಿರುಗುಮುರುಗು ಕಾಣಬಹುದು. ಇಂಗ್ಲಿಷ್ ಎಫ್ ಕಲಿತ ಮೇಲೆ ಕನ್ನಡದ ಫಕಾರಕ್ಕೂ ಅದನ್ನೇ ಹಚ್ಚುವುದು, ಫಲ, ಕಫ ಎಲ್ಲಕ್ಕೂ. ಅದು ಇನ್ನೂ ಮುಂದೆ ಹೋಗಿ ಹೋಟೆಲಿನ ಫಲಕದಲ್ಲಿ "ಫಲಾವ್" ಆಗಿದೆ. ಮುದ್ದೆಸಾರು ಹೇಳಿದ "ಹಾಪೀಸು"ಗೂ ಇದಕ್ಕೂ ಒಂದೇ ಮನಸ್ಸು: ಸರಿ ಮಾಡಲು ಹೋಗಿ ಹೆಚ್ಚು ಸರಿ ಮಾಡಿದ್ದು. ಹಳ್ಳಿಯವರದು ಅಂತ ನಗುತ್ತೇವೆ, ಪೇಟೆಯವರದನ್ನು ತಟ್ಟೆಗೆ ಹಾಕಿಸಿಕೊಂಡು ತಿನ್ನುತ್ತೇವೆ.

ಪ್ರತಿ ಟೈಪ್ ಮಾಡುವಾಗ ಒಂದು ತಾಂತ್ರಿಕ ಗುಂಡಿ ಇದೆ. ರ‍್ಯಾಂಕ್, ರ‍್ಯಾಲಿ ಇವನ್ನು ರ, ವಿರಾಮ (ಅರ್ಧಾಕ್ಷರ ಮಾಡುವ ಗುರುತು), ಯ, ಆ ಅಂತ ಸುಮ್ಮನೆ ಹೊಡೆದರೆ ಅರ್ಕಾವತ್ತು ಬಂದು "ರ್ಯಾಂಕ್" ಆಗುತ್ತದೆ. ಓದುವ ನಟ ತಡವರಿಸುತ್ತಾನೆ. ರ ಆದ ಕೂಡಲೇ ಒಂದು ಜೀರೋ ವಿಡ್ತ್ ಜಾಯಿನರ್ (ಪರದೆಯಲ್ಲಿ ಕಾಣದ, ಅಕ್ಷರ ಕೂಡಿಸುವ ಗುರುತು) ಹಾಕಿ, ಆಮೇಲೆ ವಿರಾಮ, ಆಮೇಲೆ ಯ. ಬಸ್‌ನಲ್ಲಿ ಅಂತ ಬಿಡಿಸಿ ತೋರಿಸಬೇಕಾದರೆ ವಿರಾಮದ ನಂತರ ಜೀರೋ ವಿಡ್ತ್ ನಾನ್ ಜಾಯಿನರ್, ಅಂದರೆ ಅಕ್ಷರ ಕೂಡದಂತೆ ತಡೆಯುವ ಗುರುತು. ಒಂದರ ಜಾಗದಲ್ಲಿ ಇನ್ನೊಂದು ಹಾಕಿದರೆ ಕೆಲಸ ಕೆಡುತ್ತದೆ.

ತಟ್ಟೆಇಡ್ಲಿ
ನಿಮ್ಮ ಹೆಸರು ಅರ್ಕಾವತ್ತು, ಹೇಳಿಕೊಡೋದು ಅರ್ಕಾವತ್ತು ತೆಗೆಯೋದು!

ಡಬಲ್‌ಬೆಂಚ್
ಒಂದು ವಿಷಯ ಒಪ್ಪುತ್ತೇನೆ. ಕ್ಲಾಸು, ಗ್ಲಾಸು, ಚಾನ್ಸು ಎಲ್ಲ ದಕ್ಷಿಣ ಇಂಗ್ಲೆಂಡಿನ ಹಾಗೆ ಆಕಾರ. ಡ್ಯಾನ್ಸು ಮಾತ್ರ ಯಾಕೆ ್ಯಾ? "ಡಾನ್ಸು" ಅನ್ನುವವರೂ ಇದ್ದಾರೆ, ಆದರೆ ಕಡಿಮೆ. ಸರಿಯಾದ ಇಂಗ್ಲಿಷ್ ಒಂದೇ ಅಂತ ಬರೆದ ಮೇಲೆ ಇದೇ ತಲೆ ತಿನ್ನುತ್ತಿದೆ.

ಲೀಡ್ಸ್_ಜಡಿಮಳೆ
ಸ್ವಾಗತ!

ಅರ್ಕಾವತ್ತು
ರಂಗಪ್ರತಿ, ಕೊನೆಯದಾಗಿ ಒಂದು ಸಲಹೆ. ಪ್ರತಿ ಪಾತ್ರಕ್ಕೆ ಎರಡೇ ಗುರುತು ಆರಿಸಿ, ಮೂರನೆಯದು ಬೇಡ. ವಯಸ್ಸು ಮೊದಲು ನಿರ್ಧರಿಸಿ: ಎಪ್ಪತ್ತರ ಮಾಸ್ತರ "ತಿಕೀಟ" ಅಂದರೆ ಸಹಜ, ಮೂವತ್ತರವನು ಅಂದರೆ ನಟನೆ. ವಿಭಕ್ತಿ ಹಚ್ಚಿದಾಗಲೂ ಗುರುತು ಉಳಿಯಲಿ. "ಓಟ್ಲು" ಅಂದವನು ಮುಂದಿನ ಸಾಲಲ್ಲಿ "ಹೋಟೆಲಿಗೆ" ಅನ್ನಬಾರದು, "ಓಟ್ಲಿಗೆ". ಅಲ್ಲೇ ಹೆಚ್ಚು ಪ್ರತಿಗಳು ಸಿಕ್ಕಿಬೀಳುವುದು.

ರಂಗಪ್ರತಿ
ಮೊದಲ ಪುಟ ತಿದ್ದಿದೆ. ತಪ್ಪಿದ್ದರೆ ಹರಿದುಹಾಕಿ.

ಕಂಡಕ್ಟರ್: ಓಲ್ಡಾನ್! ಓಲ್ಡಾನ್! ಯಾರ್ರೀ ಟಿಕೆಟ್ ತಗಳದೆ ಇರೋರು? ಓಟ್ಲಲ್ಲಿ ಕಾಪಿ ಕುಡಿಯೋಕೆ ಅತ್ತು ನಿಮಿಷ ಅಷ್ಟೆ.
ಮಾಸ್ತರ: ಅಲ್ರೀ ಕಂಡಕ್ಟರ, ತಿಕೀಟು ಆಗಲೇ ತಗೊಂಡೇನಿ.
ನರ್ಸ್: ಮಾಷ್ಟ್ರೆ, ಬಸ್ಸ್ ಇನ್ನು ಹೊರಡುವುದುಂಟಾ?
ಸಾಹುಕಾರ: ದವಾಖಾನಿಗಿ ಫೋನ್ ಹಚ್ಚಬೇಕ್ರಿ, ಲಗೂ ನಡೀರಿ.
ಹುಡುಗ: ಸ್ಕೆಜೂಲ್ ಪ್ರಕಾರ ಈಗ್ಲೇ ಲೇಟು.

ಗಿರ್ಮಿಟ್
"ತಿಕೀಟು" ಅಲ್ಲರಿ, "ತಿಕೀಟ". ಉಕಾರ ಕಂಡಕ್ಟರಗ ವಾಪಸ್ ಕೊಡ್ರಿ.

ತೊಗರಿಕಣಜ
ನಮ್ದು ಪಾಸ್.

ಗೋಳಿಬಜೆ
ನರ್ಸಮ್ಮ ಸರಿ ಉಂಟು.

ಮುದ್ದೆಸಾರು
"ಅತ್ತು ನಿಮಿಷ" ಚೆನ್ನಾಗಿ ಹಿಡಿದಿದೀರಿ. ಆದ್ರೆ ಬಸ್ಸು ಕೆಟ್ಟು ನಿಂತಿದೆ ಅಂದ್ರಲ್ಲ, ಮತ್ಯಾಕೆ ಓಲ್ಡಾನ್?

ರಂಗಪ್ರತಿ
ಅಯ್ಯೋ. ತೆಗೆದೆ. ರಿಪೇರಿ ಆಗಿ ಹೊರಟಾಗ ಮಾಸ್ತರು ಬಿಟ್ಟುಹೋದ ಕೊಡೆಗೋಸ್ಕರ ಕೂಗಲಿ.